ಸೇಜ್ ಗ್ರೀನ್ ಮದುಮಗಳು

ಮದುವೆ ಬರುವ ಮಾಘದಲ್ಲಿ. ಹುಡುಗ ಗೊತ್ತಾದದ್ದು ಶ್ರಾವಣದಲ್ಲಿ. ಮಂಟಪದ ಬಣ್ಣ ಮಾತ್ರ ಅದಕ್ಕೂ ಮೂರು ವರ್ಷ ಮೊದಲೇ ಗೊತ್ತಾಗಿತ್ತು.

ಜಯನಗರದಲ್ಲೋ ವಿಜಯನಗರದಲ್ಲೋ, ಮೈಸೂರಿನ ಕುವೆಂಪುನಗರದಲ್ಲೋ ಈ ಮದುಮಗಳನ್ನು ನೀವು ಕಂಡೇ ಇರುತ್ತೀರಿ. ಹಗಲು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರು, ರಾತ್ರಿ ಊಟವಾದ ಮೇಲೆ ತನ್ನ ಮದುವೆಗೇ ಪ್ರಾಜೆಕ್ಟ್ ಮ್ಯಾನೇಜರು. ಎಕ್ಸೆಲ್‌ನಲ್ಲಿ ಚಪ್ಪರಕ್ಕೊಂದು ಶೀಟು, ಅರಿಶಿನ ಶಾಸ್ತ್ರಕ್ಕೊಂದು, ವರಪೂಜೆಗೊಂದು, ಧಾರೆಗೊಂದು, ಆರತಕ್ಷತೆಗೊಂದು. ಹುಡುಗನಿಗೂ ಒಂದು ಶೀಟು ಮೀಸಲಿದೆ. ಸದ್ಯಕ್ಕೆ ಅದರಲ್ಲಿರುವುದು ಅವನ ಎದೆಸುತ್ತಳತೆ ಮತ್ತು ಚಪ್ಪಲಿ ನಂಬರು. ಖರ್ಚಿನ ಶೀಟು ಅಪ್ಪನ ಕಣ್ಣಿಗೆ ಬೀಳದಿರಲೆಂದು ಪಾಸ್‌ವರ್ಡ್ ಹಾಕಿದ್ದಾಳೆ. ಅಪ್ಪನಿಗೆ ಎಕ್ಸೆಲ್ ಬರುವುದಿಲ್ಲ ಎಂಬುದು ಬೇರೆ ಮಾತು.

ಅವಳು ಆರಿಸಿದ ಬಣ್ಣ ಸೇಜ್ ಗ್ರೀನ್. ಜೊತೆಗೆ ಡಸ್ಟಿ ರೋಸ್, ಒಂದಿಷ್ಟು ಐವರಿ. 2017ರ ಡಿಸೆಂಬರಿನಲ್ಲಿ ಅನುಷ್ಕಾ ಶರ್ಮಾ ಇಟಲಿಯ ಟಸ್ಕನಿಯಲ್ಲಿ ಡಿಸೈನರ್ ಸಬ್ಯಸಾಚಿಯ ತೆಳು ಗುಲಾಬಿ ಲೆಹೆಂಗಾ ತೊಟ್ಟು ವಿರಾಟ್ ಕೊಹ್ಲಿಯ ಕೈಹಿಡಿದದ್ದೇ ತಡ, ನಮ್ಮ ಕಲ್ಯಾಣ ಮಂಟಪಗಳಲ್ಲಿ ಕೆಂಪು, ಹಳದಿ, ಕಡುಹಸಿರುಗಳ ನಸೀಬು ಕೆಟ್ಟಿತು. ಅಮ್ಮನಿಗೆ ಮೂಡ್ ಬೋರ್ಡ್ ತೋರಿಸಿದಾಗ ಆಕೆ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಇದು ಒಗೆಯೋಕೆ ಮುಂಚೆ ಯಾವ ಬಣ್ಣ ಇತ್ತು ಕಣೇ?"

ಚಿಕ್ಕಪೇಟೆಯ ಸೀರೆ ಅಂಗಡಿಯವರು ಇದಕ್ಕೆಲ್ಲ ಬಗ್ಗುವವರಲ್ಲ. ಗಾದಿಯ ಮೇಲೆ ಕೂರಿಸಿ, ಕಾಫಿ ತರಿಸಿ, "ಮೇಡಂಗೆ ಇಂಗ್ಲಿಷ್ ಕಲರ್ ಬಿಚ್ಚೋ" ಎಂದು ಹುಡುಗನಿಗೆ ಕೂಗಿದರೆ ಮುಗಿಯಿತು, ಅಟ್ಟದಿಂದ ಮಾಸಲು ಬಣ್ಣಗಳ ಮಳೆ. ನಮ್ಮ ಮದುಮಗಳು ಮಾತ್ರ ಒಂದೊಂದು ಸೀರೆಯ ಪಕ್ಕಕ್ಕೂ ಮೊಬೈಲ್ ಹಿಡಿದು ತಾಳೆ ನೋಡುತ್ತಾಳೆ. ಟ್ಯೂಬ್‌ಲೈಟಿನಲ್ಲಿ ಸೇಜ್ ಆಗಿದ್ದದ್ದು ಬಿಸಿಲಲ್ಲಿ ಪಿಸ್ತಾ ಆಗಿಬಿಡಬಹುದೆಂದು ಸೀರೆಯ ಸೆರಗು ಹಿಡಿದು ರಸ್ತೆಗೇ ಬರುತ್ತಾಳೆ. ಸೀರೆಯ ಇನ್ನೊಂದು ತುದಿ ಹಿಡಿದ ಅಂಗಡಿ ಹುಡುಗ ಹೊಸ್ತಿಲಲ್ಲಿ, ನಡುವೆ ದಾರಿ ಸಿಗದೆ ಹಾರ್ನ್ ಹೊಡೆಯುವ ಸ್ಕೂಟರು. ಅಷ್ಟರಲ್ಲಿ ಒಳಗೆ ಅಮ್ಮ ಸದ್ದಿಲ್ಲದೆ ಒಂದು ಎಂ.ಎಸ್. ನೀಲಿಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿರುತ್ತಾಳೆ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನಲ್ಲೇ ಕಂಚಿಯಲ್ಲಿ ನೇಯ್ದ ಬಣ್ಣ ಅದು. ಅವಳ ಮಟ್ಟಿಗೆ ಅದಾದ ಮೇಲೆ ಜಗತ್ತಿನಲ್ಲಿ ಹೊಸ ಬಣ್ಣ ಹುಟ್ಟಿಲ್ಲ.

ಅಮ್ಮ ಗೆದ್ದ ಸುತ್ತುಗಳೂ ಇವೆ. 2018ರ ನವೆಂಬರಿನಲ್ಲಿ ದೀಪಿಕಾ ಪಡುಕೋಣೆ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ ಕೊಂಕಣಿ ಪದ್ಧತಿಯಂತೆ ಮದುವೆಯಾದಾಗ ಉಟ್ಟ ಸೀರೆಯ ಫೋಟೊ ತೋರಿಸಿ ಮಗಳು ಡಿಸೈನರ್ ಸೀರೆಯ ವಾದ ಹೂಡಿದ್ದಳು. ಆ ಸೀರೆ ದೀಪಿಕಾಳ ತಾಯಿ ಕೊಟ್ಟದ್ದು, ಬೆಂಗಳೂರಿನ ಅಂಗಡಿ ಗ್ಯಾಲರಿಯಾದಿಂದ ಬಂದದ್ದು ಎಂದು ಸ್ವತಃ ಸಬ್ಯಸಾಚಿಯೇ ಹೇಳಿದ್ದನ್ನು ಅಮ್ಮ ಎಲ್ಲೋ ಓದಿದ್ದಳು. "ನೋಡ್ದಾ, ಇಟಲಿಗೆ ಹೋದ್ರೂ ಸೀರೆ ಅಮ್ಮ ಕೊಡಿಸಿದ್ದೇ." ಆವತ್ತು ಮಗಳು ವಾದ ಬೆಳೆಸಲಿಲ್ಲ. ನಾಗೋಲೆಗೆ ಒಂದು ಮೈಸೂರು ಸಿಲ್ಕ್ ಎಂದು ರಾಜಿಯಾಯಿತು. 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆಯದು. ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ. ಆ ಚಿನ್ನಕ್ಕಾಗಿ ಅಮ್ಮ ನಸುಕಿಗೇ ಎದ್ದು ಮಳಿಗೆಯ ಮುಂದೆ ಸಾಲು ನಿಂತಳು. ಮಗಳು ಒಪ್ಪಿದ್ದು ಚಿನ್ನಕ್ಕಲ್ಲ. ಆ ಸೀರೆ ಕ್ಯಾಮೆರಾದಲ್ಲಿ "ಚೆನ್ನಾಗಿ ಫಾಲ್ ಆಗುತ್ತೆ" ಅಂತ.

ಸೀರೆಗಿಂತ ದೊಡ್ಡ ಕಥೆ ರವಿಕೆಯದು. ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ತುದಿಯಲ್ಲಿ ಕೊಕ್ಕೆಯಿರುವ ಸೂಜಿಯನ್ನು ಮೇಲಿಂದ ಚುಚ್ಚಿ, ಕೆಳಗಿನ ದಾರವನ್ನು ಎಳೆದೆಳೆದು ಸರಪಣಿಯಂಥ ಹೊಲಿಗೆ ಹಾಕುವ ಆರಿ ವರ್ಕು ಈಗ ಧಾರೆಯಷ್ಟೇ ಕಡ್ಡಾಯ. ಬೆನ್ನಿಗೆ ಇವಳು ಬರೆಸಿದ ಚಿತ್ರ ಪಲ್ಲಕ್ಕಿ. ಪಲ್ಲಕ್ಕಿಯೊಳಗೆ ಮದುಮಗಳು, ಹೊರುವವರು ನಾಲ್ವರು, ಅಕ್ಕಪಕ್ಕ ಎರಡು ನವಿಲು, ಕೆಳಗೆ ಮದುವೆಯ ತಾರೀಖು. ಪಲ್ಲಕ್ಕಿಯಲ್ಲಿರುವವಳ ಮುಖ ತನ್ನಂತೆಯೇ ಇರಬೇಕೆಂದು ಫೋಟೊ ಬೇರೆ ಕೊಟ್ಟಿದ್ದಾಳೆ. ಸಾಸಿವೆಯಷ್ಟು ಜಾಗದಲ್ಲಿ ಮೂಗು ಎಲ್ಲಿ ಇಡುವುದೆಂದು ಕೆಲಸದವನು ತಲೆ ಕೆರೆದುಕೊಂಡ. ಹದಿನೆಂಟು ಸಾವಿರಕ್ಕೆ ಮಾತಾಗಿ, ಅರ್ಧ ಅಡ್ವಾನ್ಸು ಕೊಟ್ಟು, ಪಲ್ಲಕ್ಕಿ ಹೊರುವವರ ಪಂಚೆಯ ಅಂಚು ಕೂಡ ತೀರ್ಮಾನವಾದ ಮೇಲೆ ಟೈಲರು ಹಗುರಾಗಿ ಕೇಳಿದ, "ಮೇಡಂ, ಮೊಗ್ಗಿನ ಜಡೆ ಹಾಕ್ತೀರಾ?"

ಹಾಕುತ್ತಾಳೆ. ಮೊಗ್ಗಿನ ಜಡೆ ಇಲ್ಲದ ಮೂಡ್ ಬೋರ್ಡ್ ಉಂಟೆ? ನೆತ್ತಿಯಿಂದ ಸೊಂಟದವರೆಗೆ, ಅಂಗೈ ಅಗಲ. ಅದು ಇಳಿಬಿದ್ದರೆ ನವಿಲೂ ಇಲ್ಲ, ಪಲ್ಲಕ್ಕಿಯೂ ಇಲ್ಲ. ಹೊರುವವರಲ್ಲಿ ಕೊನೆಯವನ ಒಂದು ಕಾಲು ಮಾತ್ರ ಕಾಣುತ್ತದೆ. ಮನೆಯಲ್ಲಿ ಎರಡು ದಿನ ಸೂತಕದ ಮೌನ. ಕೊನೆಗೆ ಫೋಟೊಗ್ರಾಫರೇ ದಾರಿ ತೋರಿಸಿದ: ಜಡೆ ಹಿಂದಿದ್ದಾಗ ಜಡೆಯದೊಂದು ಫೋಟೊ, ಮುಂದಕ್ಕೆ ಎಳೆದುಕೊಂಡಾಗ ರವಿಕೆಯದೊಂದು.

ಮೊಗ್ಗಿನದು ಇನ್ನೊಂದು ತಾಪತ್ರಯ. ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಾಡಿದು. ಆದರೆ ಚಳಿಯಲ್ಲಿ ಗಿಡ ಮೊಗ್ಗು ಬಿಡುವುದೇ ಕಡಿಮೆ, ಮುಹೂರ್ತಗಳು ಹೆಚ್ಚು, ದರ ಗಗನಕ್ಕೆ. ಅದಕ್ಕೆ ಇವಳ ಪರಿಹಾರ, ಬೇಬೀಸ್ ಬ್ರೆತ್ ಎಂಬ ಬಿಳಿ ಪುಡಿ ಹೂವು. ಅಜ್ಜಿ ಅದನ್ನು ಮೂಗಿನ ಹತ್ತಿರ ತಂದು, ಮತ್ತೊಮ್ಮೆ ಮೂಸಿ, ಪಕ್ಕಕ್ಕಿಟ್ಟಳು. "ಹೂವು ಎಲ್ಲೇ?"

ಒಡವೆಯ ಮಾತು ಬೇಗ ಮುಗಿಯಿತು. 2025ರಲ್ಲಿ ಚಿನ್ನ ಹತ್ತು ಗ್ರಾಂಗೆ ಲಕ್ಷ ರೂಪಾಯಿ ದಾಟಿದ ಮೇಲೆ ಮಗಳು ಬಾಡಿಗೆ ಟೆಂಪಲ್ ಜ್ಯೂಯೆಲರಿ ಎಂದಾಗ ಅಪ್ಪ ಮೊದಲ ಬಾರಿಗೆ ಅವಳ ಅಭಿರುಚಿಯನ್ನು ಮನಸಾರೆ ಹೊಗಳಿದ. ಅಜ್ಜಿಯ ಕಾಸಿನ ಸರ ನಿಜಕ್ಕೂ ಹಳೆಯದು, ಆದರೆ ಹೊಸದರಂತೆ ಹೊಳೆಯುತ್ತದೆಂದು ಬೀರುವಿಗೆ ಹೋಯಿತು. ಮೊನ್ನೆ ಮೊನ್ನೆ ಮಾಡಿದ, ಹಳೆಯದರಂತೆ ಕಾಣುವ ಬಾಡಿಗೆ ಸರ ಆಯ್ಕೆಯಾಯಿತು. ಪ್ರೀ ವೆಡ್ಡಿಂಗ್ ಶೂಟಿನ ಬಗ್ಗೆ ಹೇಳುವುದೇ ಬೇಡ. ಮೇಲುಕೋಟೆಯ ರಾಯಗೋಪುರದ ಕಂಬಗಳಿಗೆ ಎಲ್ಲ ಗೊತ್ತು.

ಪುರೋಹಿತರ ಜೊತೆಗಿನ ಮೀಟಿಂಗ್ ಮಾತ್ರ ನೋಡಬೇಕಿತ್ತು. ಮುಹೂರ್ತ ಬೆಳಿಗ್ಗೆ ಆರೂ ಹತ್ತಕ್ಕೆ, ಅಂದರೆ ಮೇಕಪ್ ರಾತ್ರಿ ಎರಡಕ್ಕೇ ಶುರು. ಅವಳು ಬಯಸಿರುವುದು "ನೋ ಮೇಕಪ್ ಲುಕ್". ಅದಕ್ಕೆ ಮೂರೂವರೆ ಗಂಟೆ ಬೇಕು. ಹೋಮದ ಹೊಗೆ ಸ್ವಲ್ಪ ಕಡಿಮೆ ಮಾಡಬಹುದೇ, ಬಾಸಿಂಗ ಹಣೆಯನ್ನು ಪೂರ್ತಿ ಮುಚ್ಚದಂತೆ ಕಟ್ಟಬಹುದೇ, ಅಂತರಪಟದ ಮೇಲೆ ಇಬ್ಬರ ಹೆಸರು ಕಸೂತಿ ಮಾಡಿಸಿದರೆ ದೋಷವೇ ಎಂದು ಪಟ್ಟಿ ಓದಿದಳು. ಪುರೋಹಿತರು ಎಲ್ಲಕ್ಕೂ ತಲೆಯಾಡಿಸಿದರು. ಜೀರಿಗೆ ಬೆಲ್ಲವನ್ನು ತಲೆಯ ಮೇಲೆ ಹಾಕುವ ಬದಲು ಕೈಗೆ ಕೊಟ್ಟರಾಗದೇ, ಹೇರ್ ಸ್ಪ್ರೇಗೆ ಬೆಲ್ಲ ಅಂಟಿದರೆ ಹೋಗುವುದಿಲ್ಲ ಎಂದಾಗ ಮಾತ್ರ ಪಂಚಾಂಗ ಮುಚ್ಚಿದರು. "ಅಂಟಲಿ ಅಂತಲೇ ಹಾಕೋದು ಕಣಮ್ಮ."

ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದ ತಾತನಿಗೆ ತಡೆಯಲಿಲ್ಲ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯ ಮದುವೆಯನ್ನು ಮಂತ್ರ ಮಾಂಗಲ್ಯದಲ್ಲಿ ಎಷ್ಟು ಸರಳವಾಗಿ ಮಾಡಿದರೆಂದು ಸವಿವರ ಹೇಳಿದರು: ಓಲಗವಿಲ್ಲ, ಆಡಂಬರವಿಲ್ಲ, ವರದಕ್ಷಿಣೆಯ ಸುದ್ದಿಯಿಲ್ಲ. ಮೊಮ್ಮಗಳ ಕಣ್ಣು ಅರಳಿತು. "ವಾವ್ ತಾತ, ಎಷ್ಟು ಮಿನಿಮಲ್! ಬ್ಯಾಕ್‌ಡ್ರಾಪ್ ಏನು ಹಾಕಿದ್ರು?"

ನಗಬಹುದು, ನಗೋಣ. ಆದರೆ ಅಮ್ಮನ ಮದುವೆಯ ಆಲ್ಬಮ್ಮನ್ನೂ ಒಮ್ಮೆ ತೆರೆದು ನೋಡಬೇಕು. ಧಾರೆ ಸೀರೆಯನ್ನು ದೊಡ್ಡಪ್ಪ ಆರಿಸಿದ್ದು, ರವಿಕೆ ಯಾರದೋ ಅಳತೆಯದು, ಹೂವು ಮಾರ್ಕೆಟ್ಟಿನಲ್ಲಿ ಉಳಿದದ್ದು. ಯಾವ ಬಣ್ಣ ಬೇಕೇ ಎಂದು ಆಕೆಯನ್ನು ಒಬ್ಬರೂ ಕೇಳಿರಲಿಲ್ಲ. ಕೇಳುವವರೇ ಇಲ್ಲದ ಆ ಪ್ರಶ್ನೆಗೆ ಮಗಳು ಮೂರು ವರ್ಷದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಾಳೆ, ಅಷ್ಟೇ. ಸೋದರಮಾವನಿಗೆ ಬೀಜ್ ಬಣ್ಣದ ಜುಬ್ಬಾ ಕೊಡಿಸಿ, ತನ್ನನ್ನು ಮಂಟಪಕ್ಕೆ ಕರೆತರುವಾಗ ಹಾಡಿನ ತಾಳಕ್ಕೆ ನಿಧಾನ ಹೆಜ್ಜೆ ಹಾಕಬೇಕೆಂದು ಹಜಾರದಲ್ಲಿ ನಾಲ್ಕು ಸಲ ನಡೆಸಿ ತಾಲೀಮು ಕೊಟ್ಟಿದ್ದು ಸ್ವಲ್ಪ ಹೆಚ್ಚಾಯಿತೇನೋ. ಮಂಡಿನೋವಿನ ಮಾವ ಆ ನಿಧಾನಕ್ಕೆ ಸಂತೋಷದಿಂದಲೇ ಒಪ್ಪಿದ್ದಾರೆ.

ಎಲ್ಲ ಹೊಂದಿಕೊಂಡಿತು ಅನ್ನುವಾಗ, ಮದುವೆಗೆ ಇಪ್ಪತ್ತು ದಿನ ಇದೆ ಅನ್ನುವಾಗ, ಮಂಡ್ಯದಿಂದ ಅತ್ತೆಯಾಗಲಿರುವವರ ಫೋನು ಬಂತು. ಹಳೇ ಮೈಸೂರಿನ ಎಷ್ಟೋ ಮನೆತನಗಳಂತೆ ಅವರಲ್ಲೂ ಧಾರೆ ಸೀರೆ ಗಂಡಿನ ಕಡೆಯದು.

"ಸೀರೆ ತಂದಾಯ್ತು ಕಣಮ್ಮ. ಹುಡುಗಿಗೆ ಹಸಿರೇ ಬೇಕಂತೆ ಅಂತ ಮಗ ಹೇಳ್ದ. ಒಳ್ಳೆ ಗಿಣಿ ಹಸಿರು, ರಾಣಿ ಕಲರ್ ಅಂಚು, ಗೇಣುದ್ದ ಜರಿ. ದೂರದಿಂದಲೇ ಜಿಗ್ ಅನ್ನುತ್ತೆ!"

ಹುಡುಗ ಈ ಮದುವೆಗಾಗಿ ಸ್ವಂತ ಬುದ್ಧಿಯಿಂದ ಮಾಡಿದ ಏಕೈಕ ಕೆಲಸ ಅದು.

"ತುಂಬಾ ಚೆನ್ನಾಗಿರುತ್ತೆ ಆಂಟಿ," ಎಂದಳು ಮದುಮಗಳು. ಧ್ವನಿ ಎಲ್ಲೂ ನಡುಗಲಿಲ್ಲ; ಅಷ್ಟು ವರ್ಷ ಕ್ಲೈಂಟ್ ಕಾಲ್ ಮಾಡಿದ್ದು ಸುಮ್ಮನೆ ಅಲ್ಲ. ಆ ರಾತ್ರಿ ಹನ್ನೊಂದೂವರೆಗೆ ಡೆಕೊರೇಟರು, ಹೂವಿನವರು, ಆರಿ ವರ್ಕಿನವನು, ಸೋದರಮಾವ ಎಲ್ಲರಿಗೂ ಒಂದೇ ಮೆಸೇಜು ಹೋಯಿತು: ಥೀಮ್ ಬದಲಾಗಿದೆ, ಈಗಿನದು ಟ್ರೆಡಿಷನಲ್ ಪಾಪ್.

ಮೊದಲು ಉತ್ತರಿಸಿದ್ದು ಮಾವ. "ಸರಿ ಪುಟ್ಟ. ನಡಿಗೆ ಅದೇನಾ, ಬೇರೆಯಾ?"