ಬೈರಾಸು ಉಟ್ಟ ವಾರಸುದಾರ

ಅಪ್ಪನ ಬೊಜ್ಜದ ದಿನ ಮಾತಾಡಿದವರೆಲ್ಲ ಅವರನ್ನು ‘ಶ್ರಮಜೀವಿ’ ಎಂದರು. ಮೊದಲನೆಯವರು ಹೇಳಿದಾಗ ನನಗೆ ಗಂಟಲು ಕಟ್ಟಿತು. ನಾಲ್ಕನೆಯವರು ಹೇಳುವಷ್ಟರಲ್ಲಿ ಸಿಟ್ಟು ಬಂತು. ‘ಈ ಮುದುಕನಿಗೆ ಮನೆಯಲ್ಲಿ ಕೂರಲಿಕ್ಕೆ ಎಂತ ದಾಡಿ’ ಎಂದು ಅವರು ಬದುಕಿದ್ದಾಗ ಕೇಳುತ್ತಿದ್ದವರೂ ಇವರೇ. ದೂರದ ನೆಂಟರೊಬ್ಬರು ‘ಪ್ರಕೃತಿಪ್ರೇಮಿ’ ಎಂಬ ಬಿರುದನ್ನೂ ದಯಪಾಲಿಸಿ, ಹಾಗೇ ಎಲೆಯ ಮುಂದೆ ಹೋಗಿ ಕೂತರು.

ಗೋಡೆಗೆ ಹಾಕಲು ಅಪ್ಪನ ಒಂದು ನೆಟ್ಟಗಿನ ಫೋಟೊ ಇರಲಿಲ್ಲ. ಇದ್ದವೆಲ್ಲ ಬೆನ್ನಿನವು: ಕೊಡೆ ಹಿಡಿದ ಬೆನ್ನು, ಚೀಲ ಹೊತ್ತ ಬೆನ್ನು, ಪೊದೆಯೊಳಗೆ ಅರ್ಧ ಮರೆಯಾದ ಬೆನ್ನು. ಕೊನೆಗೆ ಯಾರದೋ ಮದುವೆಯ ಗುಂಪಿನಿಂದ ಮುಖವನ್ನು ಕತ್ತರಿಸಿ, ಎಂದೂ ತೊಡದ ಕೋಟು ತೊಡಿಸಿ, ಕುರ್ಚಿಯಲ್ಲಿ ಕೂರಿಸಿ ಸ್ಟುಡಿಯೋದವನು ಕೊಟ್ಟ. ಮಗಳು ನೋಡಿ ಹೇಳಿದಳು: “ಇದು ಅಜ್ಜ ಅಲ್ಲ. ಇವರು ಕೂತಿದ್ದಾರೆ.”

ಅವರ ಚರಿತ್ರೆ ಮುಂಬಯಿ ಕನ್ನಡಿಗರಿಗೆ ಬಾಯಿಪಾಠ. ಕಾರ್ಕಳದ ಕಡೆಯ ಹಳ್ಳಿ, ಅರ್ಧಕ್ಕೆ ಬಿಟ್ಟ ಶಾಲೆ, ಫೋರ್ಟಿನ ಹೊಟೇಲಿನಲ್ಲಿ ಕಪ್ಪುಬಸಿ, ರಾತ್ರಿಶಾಲೆ. ಜಾತಿಸಂಘಗಳೂ ದಾನಿಗಳೂ ಸೇರಿ ನಡೆಸುತ್ತಿದ್ದ ಆ ಕನ್ನಡ ರಾತ್ರಿಶಾಲೆಗಳು ಇಲ್ಲದಿದ್ದರೆ ನಮ್ಮ ಕರಾವಳಿಯ ಎಷ್ಟೋ ಮಂದಿ ಕಪ್ಪು ತೊಳೆಯುತ್ತಲೇ ಮುದುಕರಾಗುತ್ತಿದ್ದರು. ಆಮೇಲೆ ಮುಲುಂಡಿನ ಎಲ್‌ಬಿಎಸ್ ರಸ್ತೆಯ ಕಾರ್ಖಾನೆಯಲ್ಲಿ ಲೇತ್ ಯಂತ್ರ, ಮೂರು ಪಾಳಿ, ಒಂದು ಕೋಣೆ, ನಾವು.

ಆದರೆ ಮುಲುಂಡನ್ನು ಅವರು ಆರಿಸಿಕೊಂಡದ್ದು ಕಾರ್ಖಾನೆಗಾಗಿ ಅಲ್ಲ ಎಂದು ನನ್ನ ಗುಮಾನಿ. “ಪಡುವಣಕ್ಕೆ ಗುಡ್ಡೆ, ಮೂಡಣಕ್ಕೆ ಉಪ್ಪಿನ ಗದ್ದೆ, ನಡುವೆ ರೈಲು. ಮನುಷ್ಯನಿಗೆ ಇನ್ನೆಂತ ಬೇಕು ಮಾರಾಯ?” ಎನ್ನುತ್ತಿದ್ದರು. ರಾತ್ರಿಪಾಳಿ ಮುಗಿಸಿ ಬಂದವರು ಮಲಗುವ ಬದಲು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನ ಗುಡ್ಡೆ ಕಡೆ ಹೊರಡುವರು. ಮಳೆ ಬಿತ್ತೆಂದರೆ ಸ್ಟೇಷನ್ನಿನ ಬಳಿ ಸೊಪ್ಪು ಮಾರುವ ಆದಿವಾಸಿ ಹೆಂಗಸರ ಎದುರು ಕುಕ್ಕುರುಗಾಲಲ್ಲಿ ಕೂತು, ಅವರ ಟಾಕಳಾ ನಮ್ಮ ತಜಂಕೇ ಎಂದು ಸಾಧಿಸುವರು. 2004ರಲ್ಲಿ ಉದ್ಯಾನದ ಸುತ್ತಮುತ್ತ ಚಿರತೆಗಳು ಜನರ ಮೇಲೆ ಬಿದ್ದು ಇಡೀ ಮುಲುಂಡ್ ಬಾಗಿಲು ಹಾಕಿಕೊಂಡಾಗ ಅಮ್ಮ ಚಪ್ಪಲಿ ಬಚ್ಚಿಟ್ಟರು. ಅಪ್ಪ ಬರಿಗಾಲಲ್ಲಿ ಹೊರಟರು. “ಅದಕ್ಕೂ ಪಾಳಿ ಉಂಟು. ಅದರದ್ದು ರಾತ್ರಿ, ನನ್ನದು ಬೆಳಿಗ್ಗೆ.” ಅದೇ ಗುಡ್ಡೆಗಳ ಅಡಿಯಲ್ಲಿ ಗೋರೆಗಾಂವ್‌ಗೆ 4.7 ಕಿಲೋಮೀಟರಿನ ಜೋಡಿ ಸುರಂಗ ಕೊರೆಯಲು 2024ರ ಜುಲೈಯಲ್ಲಿ ಪ್ರಧಾನಿಗಳು ಶಿಲಾನ್ಯಾಸ ಮಾಡಿದ್ದನ್ನು ಟಿವಿಯಲ್ಲಿ ನೋಡಿ, “ಹತ್ತಲಿಕ್ಕೆ ಕಾಲಿಲ್ಲದವರು ಕೊರೆಯುತ್ತಾರೆ” ಎಂದು ಎದ್ದು ಹೋದರು.

ಅವರಿಲ್ಲದ ಮೊದಲ ಆಟಿ ತಿಂಗಳು ಬಂತು. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಹಾಲೆಮರದ ಕೆತ್ತೆಯ ಕಷಾಯ ಕುಡಿಯದ ತುಳುವನ ಹೊಟ್ಟೆಗೆ ವರ್ಷವಿಡೀ ಭದ್ರತೆಯಿಲ್ಲ. ಪ್ರತಿವರ್ಷ ಅಪ್ಪ ನಸುಕಿನಲ್ಲೇ ಹೋಗಿ, ಉದ್ಯಾನದ ಗೋಡೆಗಿಂತ ಈಚೆ ಇದ್ದ ತಮ್ಮ ಖಾಸಗಿ ಮರದಿಂದ ಕೆತ್ತೆ ತರುತ್ತಿದ್ದರು. ಎಲ್ಲಿಯ ಮರವೆಂದು ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. “ಈ ಸಲ ಕಷಾಯ ಇಲ್ಲ ಅಲ್ಲವಾ?” ಎಂದು ಅಮ್ಮ ಕೇಳಿದರು. ಕೇಳಿದ್ದು ಗೋಡೆಯ ಕೋಟುಧಾರಿಯನ್ನು. ಉತ್ತರಿಸಿದ್ದು ಮಾತ್ರ ಹಿರಿಮಗನಾದ ನಾನು: “ಯಾಕಿಲ್ಲ?”

ಹಾಲೆಮರಕ್ಕೆ ಮುಂಬಯಿಯಲ್ಲಿ ಬರವಿಲ್ಲ. ಮರಾಠಿಯವರ ಸಾತವೀಣ ಅದೇ. ನಮ್ಮ ಸೊಸೈಟಿಯ ಗೇಟಿನ ಪಕ್ಕದಲ್ಲೇ ಒಂದಿದೆ. “ರಸ್ತೆಯ ಹೊಗೆ ಕುಡಿದ ಮರ, ಮೊದಲು ಅದಕ್ಕೇ ಕಷಾಯ ಕೊಡಬೇಕು” ಎಂದು ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ನನಗೆ ಆಯ್ಕೆಯಿರಲಿಲ್ಲ. ಕತ್ತಲಲ್ಲಿ ಹಾಲೆಯೆಂದು ಕಾಸರಕನ ಕೆತ್ತೆ ತಂದು ಜೀವ ಕಳೆದುಕೊಂಡವರ ಸುದ್ದಿ ಊರಿನಿಂದ ಬರುವುದುಂಟು. ಹಾಗಾಗಿ ಹಿಂದಿನ ಸಂಜೆಯೇ ಎಲೆ ಎಣಿಸಿ, ಹಾಲು ಒಸರುವುದನ್ನು ನೋಡಿ, ಮರಕ್ಕೆ ಗುರುತಿನ ನೂಲು ಸುತ್ತಲು ಹೋದೆ. ಎರಡನೇ ಸುತ್ತು ಬರುತ್ತಿದ್ದಾಗ ಮೂರನೇ ಮಹಡಿಯ ಮರಾಠಿ ಅಜ್ಜಿ ನಿಂತು ನೋಡಿದರು. ವಟಪೌರ್ಣಿಮೆ ಹೋದ ತಿಂಗಳೇ ಮುಗಿಯಿತಲ್ಲ, ಇದು ಆಲದ ಮರವೂ ಅಲ್ಲವಲ್ಲ, ಅಲ್ಲದೆ ಅದು ಹೆಂಗಸರು ಗಂಡನಿಗಾಗಿ ಮಾಡುವ ವ್ರತವಲ್ಲವೇ ಎಂದು ಒಂದೊಂದಾಗಿ ಮೂರು ಸಂಶಯ ಎತ್ತಿದರು. ಮೂರಕ್ಕೂ ನಾನು ಹೌದೆಂದೆ. ಹೆಂಡತಿಗೆ ಏಳು ಜನ್ಮಕ್ಕೂ ನಾನೇ ಸಿಗುವೆನೆಂಬ ಸುದ್ದಿ ರಾತ್ರಿಯೊಳಗೆ ಎರಡೂ ವಿಂಗ್‌ಗಳಿಗೆ ತಲುಪಿತ್ತು.

ಇನ್ನು ಶಾಸ್ತ್ರ. ಕೆತ್ತೆಗೆ ಕಬ್ಬಿಣ ತಾಗಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಸೂರ್ಯ ಕಾಣಬಾರದು. ತೆಗೆಯುವವನ ಮೈಮೇಲೆ ನೂಲೆಳೆಯೂ ಇರಬಾರದು. ಅಪ್ಪ ಈ ಕೊನೆಯ ಕಲಮನ್ನು ಪಾಲಿಸುತ್ತಿದ್ದರೋ ಇಲ್ಲವೋ, ಮನೆಗೆ ಮಾತ್ರ ಷರಟು ಹಾಕಿಕೊಂಡೇ ಬರುತ್ತಿದ್ದರು. ನಾನು ಶಾಸ್ತ್ರಕ್ಕೂ ಭಾರತೀಯ ನ್ಯಾಯ ಸಂಹಿತೆಗೂ ನಡುವೆ ರಾಜಿ ಮಾಡಿ, ಸೊಂಟಕ್ಕೆ ಅಪ್ಪನ ಹಳೆಯ ಬೈರಾಸು ಸುತ್ತಿಕೊಂಡೆ. ಅಪ್ಪನದು ಸೌದೆಸೊಂಟ, ನನ್ನದು ಬ್ಯಾಂಕಿನ ಸೊಂಟ. ಬೈರಾಸಿನ ಎರಡು ತುದಿಗಳು ದೂರದಿಂದ ಪರಸ್ಪರ ನೋಡಿದವೇ ಹೊರತು ಕೂಡಲಿಲ್ಲ. ಒಂದು ಕೈಯಲ್ಲಿ ಹಿಡಿದುಕೊಂಡೆ.

ಕಲ್ಲು? ಮುಲುಂಡಿನಲ್ಲಿ ಕಲ್ಲಿಲ್ಲ! ಗುಡ್ಡೆಯ ಬುಡದ ಊರು, ಆದರೆ ನೆಲದುದ್ದಕ್ಕೂ ಪೇವರ್ ಬ್ಲಾಕ್. ಕೊನೆಗೆ ಬಾಲ್ಕನಿಯಲ್ಲಿದ್ದ ಅರೆಯುವ ಕಲ್ಲಿನ ಗುಂಡು ನೆನಪಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ, “ಇನ್ನು ಲಗೇಜಿಗೆ ಬಸ್ಸಿನವನ ಕಾಲು ಹಿಡಿಯಬೇಕಿಲ್ಲ” ಎಂದು ಅಪ್ಪ ಊರಿನಿಂದ ಹೊತ್ತು ತಂದದ್ದು. ಅಂದಿನಿಂದ ಅದು ಅರೆದದ್ದು ಕಡಿಮೆ, ಕೂತದ್ದು ಹೆಚ್ಚು. ಒಂದು ಕಂಕುಳಲ್ಲಿ ಗುಂಡು, ಇನ್ನೊಂದು ಕೈಯಲ್ಲಿ ಮಾನ. ಲಿಫ್ಟಿನ ಗುಂಡಿ ಒತ್ತಲು ಮೂರನೇ ಕೈ ಇರಲಿಲ್ಲ, ಮೂಗಿನಿಂದ ಒತ್ತಿದೆ. ಎರಡನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಹಾಲಿನ ಹುಡುಗ ನೋಡಿದ, ಯೋಚಿಸಿದ, ಮೆಟ್ಟಿಲು ಹಿಡಿದ.

ಮರದ ಬುಡದಲ್ಲಿ ಸಣ್ಣ ಮಳೆ. ಎರಡು ಕೈಯಲ್ಲಿ ಎತ್ತಬೇಕಾದ ಗುಂಡನ್ನು ಒಂದೇ ಕೈಯಲ್ಲಿ ಎತ್ತಿ ಹೊಡೆದೆ. ತೊಗಟೆಯಿಂದ ಚೂರೂ ಏಳಲಿಲ್ಲ, ಮರದ ಮೇಲಿದ್ದ ನೀರೆಲ್ಲ ತಲೆಗೆ ಬಿತ್ತು. ಧೈರ್ಯ ಮಾಡಿ, ಬೈರಾಸನ್ನು ಹಲ್ಲಲ್ಲಿ ಕಚ್ಚಿಕೊಂಡು, ಎರಡೂ ಕೈಯಲ್ಲಿ ಗುಂಡನ್ನು ತಲೆಯ ಮೇಲಕ್ಕೆ ಎತ್ತಿದೆ. ಟಾರ್ಚ್ ಬಿದ್ದದ್ದು ಆ ಕ್ಷಣದಲ್ಲಿ.

ಓದುಗರು ಮರೆಯಬಾರದು: ನಮ್ಮ ಆಟಿ ಅಮಾವಾಸ್ಯೆ ಬಂದಾಗಲೇ ಮರಾಠಿಗರ ಗಟಾರಿಯೂ ಬಂದಿರುತ್ತದೆ. ಶ್ರಾವಣದ ಉಪವಾಸಕ್ಕೆ ಮುಂಚೆ ಕೋಳಿಯನ್ನೂ ಬಾಟಲಿಯನ್ನೂ ಒಟ್ಟಿಗೆ ಮುಗಿಸುವ ಹಬ್ಬ. ಗಟಾರಿಯ ದಿನ ನಸುಕಿನಲ್ಲೇ, ಹಲ್ಲಲ್ಲಿ ಬಟ್ಟೆ ಕಚ್ಚಿ, ಗುಂಡುಕಲ್ಲೆತ್ತಿ ಮರದ ಮೇಲೆ ಯುದ್ಧ ಸಾರಿದ ಬ್ಯಾಂಕ್ ಮ್ಯಾನೇಜರನನ್ನು ಕಂಡು ವಾಚ್‌ಮನ್ ಬಹಳ ಮರುಗಿದ. “ಸಾಬ್, ಜ್ಯಾದಾ ಹೋ ಗಯಾ” ಎಂದ. ಇಲ್ಲವೆನ್ನಲು ಬಾಯಿ ತೆರೆಯಬೇಕಿತ್ತು. ತೆರೆದರೆ ಬೈರಾಸು ಬೀಳುತ್ತಿತ್ತು. “ಊಂ” ಎಂದೆ. ಅವನು ಅದನ್ನು ಒಪ್ಪಿಗೆಯೆಂದು ತಿಳಿದು ನನ್ನ ಹೆಗಲು ತಟ್ಟಿದ.

ಅಷ್ಟರಲ್ಲಿ ಸೆಕ್ರೆಟರಿ ಬಂದರು. ವಾಕಿಂಗಿನ ಬೂಟು, ಕೈಯಲ್ಲಿ ಮೊಬೈಲು. 1975ರ ಮಹಾರಾಷ್ಟ್ರ ವೃಕ್ಷ ಸಂರಕ್ಷಣಾ ಕಾಯಿದೆಯನ್ನು ಅವರು ಯಾವಾಗ ಓದಿಕೊಂಡಿದ್ದರೋ, ಕಡಿಯುವುದಷ್ಟೇ ಅಲ್ಲ, ಮರಕ್ಕೆ ಯಾವ ಬಗೆಯ ಹಾನಿ ಮಾಡಿದರೂ ಅಪರಾಧ ಎಂದು ಮಳೆಯಲ್ಲಿ ನಿಂತು ವಿವರಿಸಿದರು. ನಾನು ಹಲ್ಲು ಬಿಡದೆ ಕೇಳಿಸಿಕೊಂಡೆ.

ಕೇಳುತ್ತಾ ನನ್ನ ಕಣ್ಣು ಕಾಂಡದ ಮೇಲೆ ಬಳಿದ ನಂಬರಿನ ಮೇಲೆ ನಿಂತಿತು. ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿದೆ. ನಕ್ಷೆಯಲ್ಲಿ ಈ ಮರ ನಿಂತ ಜಾಗಕ್ಕೆ ಕಾರು ಇಳಿಯುವ ಇಳಿಜಾರು ಬಂದಿದೆ. ನಕ್ಷೆಗೆ ಸೊಸೈಟಿಯ ಪರವಾಗಿ ರುಜು ಹಾಕಿದವರು ಇದೇ ಸೆಕ್ರೆಟರಿ. ಸಭೆಯಲ್ಲಿ ಒಬ್ಬರೇ ಎದ್ದು ‘ಮರವನ್ನು ಎಂತ ಮಾಡುತ್ತೀರಿ’ ಎಂದು ಹರಕು ಹಿಂದಿಯಲ್ಲಿ ಕೇಳಿದ್ದು ಅಪ್ಪ. ಎಲ್ಲರೂ ನಕ್ಕರು. ಎರಡು ಪಾರ್ಕಿಂಗ್ ಸಿಗುತ್ತದೆಂಬ ಲೆಕ್ಕದಲ್ಲಿದ್ದ ನಾನು ಅವರ ಷರಟಿನ ತುದಿ ಹಿಡಿದು ಕೂರಿಸಿದ್ದೆ. ಅವರು ಕೂತರು.

ಕಾಯಿದೆಯ ಪಾಠ ಮುಗಿದಾಗ ಸೆಕ್ರೆಟರಿ, “ಏನಾದರೂ ಹೇಳುವುದಿದೆಯೇ?” ಎಂದರು. ಹೇಳುವುದಿತ್ತು. ಬಾಯಿ ತೆರೆದೆ. ಬೈರಾಸು ಬಿತ್ತು. ಸೆಕ್ರೆಟರಿ ಓಡಿದರು.

ಬೈರಾಸು ಹಿಡಿಯಹೋಗಿ ಕೈಬಿಟ್ಟ ಗುಂಡು ಮರಕ್ಕೆ ಬಿದ್ದ ರಭಸಕ್ಕೆ ಅಂಗೈಯಗಲದ ಕೆತ್ತೆ ಎದ್ದಿತ್ತು. ವಾಚ್‌ಮನ್ ಅದನ್ನು ಎತ್ತಿ ಮೂಸಿ, “ಅರೆ, ಛಿತವನ್! ನಮ್ಮ ಊರಲ್ಲಿ ಜ್ವರಕ್ಕೆ ಕೊಡುತ್ತಾರೆ. ಮೊದಲೇ ಹೇಳಬಾರದಾ?” ಎಂದು ತನ್ನ ರೇನ್‌ಕೋಟು ನನಗೆ ಹೊದಿಸಿದ. ಮನೆಯಲ್ಲಿ ಅಮ್ಮ ಕೆತ್ತೆಯನ್ನು ತಿರುಗಿಸಿ ನೋಡಿ, ಬೆಳ್ಳುಳ್ಳಿ, ಓಮ, ಕರಿಮೆಣಸು ಹಾಕಿ ಅರೆದು, ಬೊಳ್ಳಕಲ್ಲು ಕಾಯಿಸಿ ಚೊಂಯ್ ಎಂದು ಅದ್ದಿದರು. ಹೆಂಡತಿ ಮೊದಲು ನನಗೆ ಕುಡಿಸಿ, ಅರ್ಧ ಗಂಟೆ ನನ್ನನ್ನು ನೋಡುತ್ತಾ ಕೂತಳು. ಏಳು ಜನ್ಮದ ಒಪ್ಪಂದವಿರುವವರಿಗೆ ಇಷ್ಟು ಎಚ್ಚರ ಸರಿಯೇ. ಮಗಳು ಒಂದು ಗುಟುಕಿಗೆ ಮುಖ ಹಿಂಡಿ, “ಅಜ್ಜನದ್ದು ಇನ್ನೂ ಕಹಿ ಇತ್ತು” ಎಂದು ತೀರ್ಪು ಕೊಟ್ಟಳು. ಅಮ್ಮ ಎರಡನೇ ಲೋಟ ಕೇಳಲಿಲ್ಲ, ಬೇಡವೆನ್ನಲೂ ಇಲ್ಲ.

ಹತ್ತು ಗಂಟೆಗೆ ಸೊಸೈಟಿಯ ವಾಟ್ಸ್ಯಾಪಿನಲ್ಲಿ ನೋಟೀಸು ಬಂತು: ಸದಸ್ಯರು ಆವರಣದಲ್ಲಿ ಸಭ್ಯ ಉಡುಪಿನಲ್ಲಿ ಓಡಾಡತಕ್ಕದ್ದು. ನಾನು ಅದರ ಕೆಳಗೆ, ಹಾಗಾದರೆ ಮರದ ವಿಷಯ ಮುಂದಿನ ಸಭೆಯ ಅಜೆಂಡಾದಲ್ಲಿ ಇರಲಿ ಎಂದು ಬರೆದೆ. ಹೆಬ್ಬೆರಳು ಒತ್ತಿದ್ದು ಮೂರನೇ ಮಹಡಿಯ ಅಜ್ಜಿ ಮಾತ್ರ. ಅವರಿಗೆ ಅದು ವ್ರತದ ಮರ.