ಗುರುತಿಸಿದವರು

ಯಳವತ್ತಿಯಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಮುಂಜಾನೆ ಬಸ್ಸಿನಲ್ಲಿ ಎಷ್ಟೇ ಗದ್ದಲವಿದ್ದರೂ ಬಾಗಿಲ ಹತ್ತಿರದ ಒಂದು ಸೀಟು ಸಾಕ್ಷಿ ಕಾಕಾಗೇ ಸಿಗುತ್ತದೆ. ಧೋತರ, ಗಾಂಧಿ ಟೊಪ್ಪಿಗೆ, ಕಂಕುಳಲ್ಲಿ ಬೀಜದ ಕಂಪನಿಯವರು ಕೊಟ್ಟ ಕೈಚೀಲ. ಚೀಲದಲ್ಲಿ ಇಂಕಿನ ಪ್ಯಾಡು, ಎರಡು ಪೆನ್ನು, ತಮ್ಮದೇ ಆಧಾರ್ ಕಾರ್ಡಿನ ಝೆರಾಕ್ಸಿನ ಕಟ್ಟು, ಒಂದು ಹಸಿ ಅರಿವೆ. ಹಸಿ ಅರಿವೆ ಯಾಕೆಂಬುದು ಆಮೇಲೆ.

ವಾಟ್ನಿ, ಖರೇದಿ, ವಾರಸಾ, ಬೋಜಾ, ಕಾಗದ ಯಾವುದೇ ಇರಲಿ, ತಳದಲ್ಲಿ ‘ಗುರುತಿಸಿದವರು’ ಎಂದೊಂದು ಗೆರೆ ಇದ್ದರೆ ಅದು ಕಾಕಾನ ಆಸ್ತಿ. ಲಕ್ಷ್ಮೇಶ್ವರ ತಾಲೂಕಾಗುವ ಮೊದಲು ಶಿರಹಟ್ಟಿಗೆ ಎಡತಾಕುತ್ತಿದ್ದ ಕಾಲದಿಂದಲೂ ಅದರ ಮೇಲೆ ಸಹಿ ಮಾಡುತ್ತ ಬಂದಿದ್ದಾರೆ. ಪಗಾರವೆಂದರೆ ಒಂದು ಚಹಾ, ಒಂದು ಪ್ಲೇಟ್ ಗಿರ್ಮಿಟ್ಟು, ಹೊಲ ದೊಡ್ಡದಿದ್ದರೆ ಜೊತೆಗೆ ಎರಡು ಮಿರ್ಚಿ. 1952ರ ನೋಟರಿ ಕಾಯ್ದೆಯಡಿ ನೋಟರಿಯಾಗಲು ಸಾಮಾನ್ಯವಾಗಿ ಹತ್ತು ವರ್ಷ ವಕೀಲಿಕಿ ಮಾಡಿರಬೇಕು ಎಂದು ನಾನೊಮ್ಮೆ ಹೇಳಿದೆ. ಕಾಕಾ ನಕ್ಕುಬಿಟ್ಟರು. “ನನ್ನ ಸರ್ವಿಸು ನಲವತ್ತು ವರ್ಷದ್ದು. ನನಗ ಯಾರೂ ಗುಂಡ ಶಿಕ್ಕಾ ಕೊಡಲಿಲ್ಲ ನೋಡು.”

ಕಾಕಾಗೆ ಸುಗ್ಗಿ ತಂದುಕೊಟ್ಟದ್ದು ಹೆಸರಿನ ಗೊಂದಲ. ಉತಾರದಲ್ಲಿ ಬಸಪ್ಪ, ಆಧಾರದಲ್ಲಿ ಬಸವರಾಜ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಸಣ್ಣ. ಈ ಮೂವರೂ ಒಬ್ಬನೇ ಎಂದು ಬಾಂಡಿನ ಮೇಲೆ ಪ್ರಮಾಣ ಮಾಡಬೇಕು. ಖಾನಾಪುರದ ತೆಲಗಿ ಖೊಟ್ಟಿ ಛಾಪಾ ಕಾಗದ ಅಚ್ಚು ಹಾಕಿ ದೇಶವನ್ನೇ ನಡುಗಿಸಿದ ಮೇಲೆ ನಮ್ಮಲ್ಲಿ ಹಳೆಯ ಛಾಪಾ ಕಾಗದ ಹೋಗಿ ಇ-ಸ್ಟ್ಯಾಂಪ್ ಬಂತು. ಅಫಿಡವಿಟ್ಟಿನ 20 ರೂಪಾಯಿ ಈಚೆಗೆ 100 ಆಯಿತು. ಒಬ್ಬನೇ ಮನುಷ್ಯ ತಾನು ಒಬ್ಬನೇ ಎಂದು ಹೇಳಿಕೊಳ್ಳಲು ನೂರು ರೂಪಾಯಿ ತೆರುವುದು ಕಾಕಾಗೆ ತಪ್ಪೆನಿಸುವುದಿಲ್ಲ. “ಮೂರ ಮಂದಿಗೆ ನೂರು. ತಲಿಗೆ ಎಷ್ಟಾತು? ಸಸ್ತಾನ ಆತು ಬಿಡು.”

ಆಧಾರ್ ಬಂದಾಗ ಕಾಕಾನ ಕಸುಬು ಮುಗಿಯಿತೆಂದೇ ಎಲ್ಲರೂ ತಿಳಿದರು. ಹತ್ತು ಬೆರಳು, ಎರಡು ಕಣ್ಣು ಕೊಟ್ಟ ಮೇಲೆ ಯಂತ್ರವೇ ಗುರುತಿಸುತ್ತದೆ, ಇವರೇಕೆ? ಆದರೆ ಯಂತ್ರಕ್ಕೆ ಯಳವತ್ತಿಯ ಬೆರಳು ಓದಲು ಬರಲಿಲ್ಲ. ಶೇಂಗಾ ಬಿಡಿಸಿ, ಹತ್ತಿ ಬಿಡಿಸಿ, ಮೆಣಸಿನಕಾಯಿ ತೊಟ್ಟು ಮುರಿದು ಗೆರೆಗಳೆಲ್ಲ ಸವೆದಿದ್ದವು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಕೆಂಪು ದೀಪ. ಅಲ್ಲಿ ಕಾಕಾ ಮತ್ತೆ ಅವತರಿಸಿದರು, ಈ ಸಲ ಬೆರಳಿನ ಡಾಕ್ಟರಾಗಿ. ಹಸಿ ಅರಿವೆಯಿಂದ ಬೆರಳು ಒರೆಸುತ್ತಾರೆ, ಒಣಗಿದ್ದರೆ ತಲೆಗೂದಲಿಗೆ ತಿಕ್ಕಿಸಿ ಎಣ್ಣೆ ಹತ್ತಿಸುತ್ತಾರೆ, ಆಮೇಲೆ ಅಪ್ಪಣೆ. “ಯವ್ವಾ, ಹೆಬ್ಬಟ್ಟ ಬ್ಯಾಡ, ಅದು ಶೇಂಗಾದಾಗ ಸವದೈತಿ. ಎಡಗೈ ಉಂಗುರಬಟ್ಟ ಇಡು. ಹಗೂರಕ. ರೊಟ್ಟಿ ಬಡಿದಂಗ ಬಡೀಬ್ಯಾಡ.” ಹಸಿರು ದೀಪ ಹತ್ತುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ಬೆರಳಿಗೆ ಬರುತ್ತದೆ, ಪೆನ್ಶನ್ ಮುದುಕನ ಯಾವ ಬೆರಳು ಇನ್ನೂ ಬದುಕಿದೆ, ಅರ್ಧ ಊರಿನ ಲೆಕ್ಕ ಅವರ ತಲೆಯಲ್ಲಿದೆ.

ಮೊದಲೆಲ್ಲ ‘ಹೆಬ್ಬೆಟ್ಟು’ ಅಂದರೆ ಬೈಗುಳ. ಈಗ ಎಂ.ಎ. ಮಾಡಿದ ನಾನೂ ಅಕ್ಕಿಗೆ ಹೆಬ್ಬೆಟ್ಟೇ.

ಈ ಹೆಬ್ಬೆಟ್ಟಿನ ಮೂಲಪುರುಷನ ಕಥೆಯನ್ನು ಒಂದು ದಿನ ಕಾಕಾಗೆ ಹೇಳಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಶೆಲ್ ಎಂಬ ಇಂಗ್ಲಿಷ್ ಅಧಿಕಾರಿ, ರಸ್ತೆಗೆ ಕಡಿ ಹಾಕುವ ಗುತ್ತಿಗೆ ಹಿಡಿದ ರಾಜ್ಯಧರ ಕೋನಾಯಿ ಆಮೇಲೆ ಮಾತು ತಿರುಗಿಸಬಾರದೆಂದು ಕರಾರುಪತ್ರದ ಹಿಂದೆ ಅವನ ಇಡೀ ಅಂಗೈಯನ್ನೇ ಮಸಿಯಲ್ಲಿ ಒತ್ತಿಸಿಕೊಂಡ ಕಥೆ. ಕಾಕಾ ಗಂಭೀರವಾಗಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: “ಅದಕ್ಕ ಸಾಕ್ಷಿ ಯಾರಿದ್ರು?”

ಹೋದ ತಿಂಗಳು ಕಾಕಾನ ಉತಾರಕ್ಕೂ ಆಧಾರಕ್ಕೂ ಹೆಸರು ತಾಳೆಯಾಗಲಿಲ್ಲ. ಅಫಿಡವಿಟ್ಟು ಬೇಕಾಯಿತು. ಊರಿನ ಎಂಟು ಮಂದಿ ಜೊತೆಗೆ ಬಂದೆವು. ಎಲ್ಲರೂ ಅವರ ಸಹಿಯ ಋಣದಲ್ಲಿರುವವರೇ. ನೋಟರಿ ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

“ಇವರನ್ನ ಗುರುತಿಸೋರು ಯಾರು?”

“ನಾವರೀ,” ಎಂಟೂ ಬಾಯಿ.

“ಹೆಸರೇನು ಇವರದು?”

“ಸಾಕ್ಷಿ ಕಾಕಾ ರೀ.”

“ಅದು ಹೆಸರೇನ್ರಿ? ಖರೇ ಹೆಸರು ಹೇಳ್ರಿ.”

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ನನಗೂ ಹೊಳೆಯಲಿಲ್ಲ. ಟೈಪಿಸ್ಟ್ ಹುಡುಗನ ಬೆರಳು ಕೀಲಿಮಣೆಯ ಮೇಲೆ ನಿಂತೇ ಇತ್ತು. ಕಡೆಗೆ ಕಾಕಾನೇ ಎರಡೂ ಹೆಸರು ಬರೆಸಿದರು. ನೂರು ರೂಪಾಯಿಯ ಬಾಂಡು ಸಿದ್ಧವಾಗಿ ಮೇಜಿಗೆ ಬಂತು.

ಕಾಕಾ ಪೆನ್ನು ತೆಗೆದರು. ಪ್ರಮಾಣ ಮಾಡುವವರ ಜಾಗ ಎಡವೋ ಬಲವೋ ನೋಡಲೇ ಇಲ್ಲ. ನಲವತ್ತು ವರ್ಷದ ಕೈ ಸೀದಾ ‘ಗುರುತಿಸಿದವರು’ ಎಂಬಲ್ಲಿಗೆ ಹೋಗಿ ಸಹಿ ಜಡಿದು, ಕೆಳಗೊಂದು ಗೆರೆ ಎಳೆಯಿತು.

ಸಾಹೇಬರು ಹಣೆ ಹಿಡಿದುಕೊಂಡರು. ನಾನು ಇನ್ನೊಂದು ಬಾಂಡ್ ತರಲು ಸೊಸೈಟಿಗೆ ಓಡಿದೆ.