ರಾಜಧಾನಿಗೆ ಬಸ್ಸು ಎಷ್ಟೊತ್ತಿಗೆ?

ಶಿವಮೊಗ್ಗ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಹುಟ್ಟಿನಿಂದಲೇ ಒಂದು ಉದ್ಯೋಗ ಗಂಟುಬಿದ್ದಿರುತ್ತದೆ. ಜೋಗದಲ್ಲಿ ನೀರಿದೆಯೋ ಇಲ್ಲವೋ ಎಂದು ಪರವೂರಿನ ನೆಂಟರಿಗೆ ವರದಿ ಒಪ್ಪಿಸುವ ಉದ್ಯೋಗ ಅದು. ಜೂನ್ ಕಳೆಯುತ್ತಿದ್ದಂತೆ ಬೆಂಗಳೂರಿನ ಷಡ್ಡಕರು, ಮೈಸೂರಿನ ಸೋದರತ್ತೆಯ ಮಕ್ಕಳು, ವರ್ಷವಿಡೀ ನಮ್ಮ ಇರವನ್ನೇ ಮರೆತಿದ್ದ ಸಹಪಾಠಿಗಳು, ಎಲ್ಲರೂ ಫೋನ್ ಮಾಡುತ್ತಾರೆ. ‘ಹೇಗಿದ್ದೀರಿ’ ಎಂದು ಯಾರೂ ಕೇಳುವುದಿಲ್ಲ, ‘ನೀರು ಹೇಗಿದೆ’ ಎನ್ನುತ್ತಾರೆ. ನಮ್ಮ ಮನೆಯ ನಲ್ಲಿ ಒಣಗಿರುವ ಸಂಗತಿ ಆ ಪ್ರಶ್ನೆಯ ವ್ಯಾಪ್ತಿಗೆ ಬರುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿ ಮೊದಲು ಕರೆಂಟಿಗೆ, ಮಿಕ್ಕಿದ್ದು ಕಣ್ಣಿಗೆ. 253 ಮೀಟರ್ ಎತ್ತರದಿಂದ ಧುಮುಕಬೇಕಾದ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಬೇಸಿಗೆಯಲ್ಲಿ ಒದ್ದೆ ಪಂಚೆ ಹಿಂಡಿದಷ್ಟು ನೀರಿಗೆ ಇಳಿದುಬಿಡುತ್ತಾರೆ. ಮಳೆಗಾಲದಲ್ಲಿ ನೀರು ಬಂತು ಅನ್ನಿ, ಆಗ ಮಂಜು ಮುಸುಕಿ ಏನೂ ಕಾಣುವುದಿಲ್ಲ. ನೆಂಟರು ಕಂಬಿ ಹಿಡಿದು ನಿಂತು, ಬೆಳ್ಳಗಿನ ಗೋಡೆಯನ್ನು ಹತ್ತು ನಿಮಿಷ ನೋಡಿ, ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗುತ್ತಾರೆ. ಮಂಜಿಗೂ ನಾನೇ ಜವಾಬ್ದಾರ.

ಹೀಗೆ ಜಲಪಾತದ ಗುಮಾಸ್ತಿಕೆ ಮಾಡಿ ಬೇಸತ್ತವನು ನಾನು. ಬಿಡುವಾದಾಗ ಒಬ್ಬನೇ, ಹೆಗಲಿಗೊಂದು ಚೀಲ ಹಾಕಿಕೊಂಡು, ರಾಜಧಾನಿಗಳಿಗೆ ಹೋಗುತ್ತೇನೆ. ನಮ್ಮ ಜಿಲ್ಲೆಯಲ್ಲಿ ರಾಜಧಾನಿಗಳಿಗೆ ಬರವಿಲ್ಲ. ಕೆಳದಿ, ಇಕ್ಕೇರಿ, ಬಿದನೂರು ಈ ಮೂರೂ ಕೆಳದಿಯ ನಾಯಕರ ಮನೆತನವೊಂದರದ್ದೇ. ಹುಂಚ ಸಾಂತರರದು. ಬಳ್ಳಿಗಾವಿಯೋ, ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿಗೇ ಯಜಮಾನ. ಇವತ್ತು ಇವುಗಳಲ್ಲಿ ಒಂದಾದರೂ ತಾಲ್ಲೂಕು ಕೇಂದ್ರವಲ್ಲ. ಒಂದು ಕಾಲಕ್ಕೆ ಸುತ್ತಲ ಸೀಮೆಯಿಂದ ಕಪ್ಪ ತರಿಸಿಕೊಂಡ ಊರುಗಳು ಈಗ ಪಹಣಿಯ ತಿದ್ದುಪಡಿಗೆ ಅರ್ಜಿ ಹಿಡಿದು ಪಕ್ಕದೂರಿನ ಕಚೇರಿಯ ಮುಂದೆ ಕ್ಯೂ ನಿಲ್ಲುತ್ತವೆ. ಅಧಿಕಾರ ಕಳೆದುಕೊಂಡ ಊರುಗಳಿಗೆ ಒಂದು ಸೌಜನ್ಯ ಬಂದಿರುತ್ತದೆ ಎಂಬುದು ನನ್ನ ಅನುಭವ. ಈಗ ಆಳುತ್ತಿರುವ ಊರುಗಳಲ್ಲಿ ದಾರಿ ಕೇಳಿ ನೋಡಿ, ವ್ಯತ್ಯಾಸ ತಿಳಿಯುತ್ತದೆ.

ಬಿದನೂರನ್ನೇ ತೆಗೆದುಕೊಳ್ಳಿ. ಈಗದು ಹೊಸನಗರ ತಾಲ್ಲೂಕಿನ ನಗರ. ಲಕ್ಷ ಮನೆಗಳಿದ್ದವು ಎಂದು ಹಿರಿಯರು ಹೇಳುವುದುಂಟು. ಲಕ್ಷವನ್ನು ಎಣಿಸಿದವರು ಯಾರೋ, ಇರಲಿ. ಸಂಪತ್ತಂತೂ ಸುಳ್ಳಲ್ಲ. 1763ರಲ್ಲಿ ಇದನ್ನು ಗೆದ್ದ ಹೈದರಾಲಿ ತನ್ನ ಹೆಸರನ್ನೇ ಊರಿಗಿಟ್ಟು ಇಲ್ಲೇ ನಾಣ್ಯ ಟಂಕಿಸಿದ. 1783ರಲ್ಲಿ ಇಂಗ್ಲಿಷರು ಕಿತ್ತುಕೊಂಡರು, ಅದೇ ವರ್ಷ ಟಿಪ್ಪು ಮರಳಿ ಕಿತ್ತುಕೊಂಡ. ಇಷ್ಟು ಜನ ಪ್ರಾಣ ಕೊಟ್ಟು ಹೊಕ್ಕ ಕೋಟೆಯನ್ನು ನಾನು ಛತ್ರಿ ಹಿಡಿದುಕೊಂಡು ಹೊಕ್ಕೆ. ಬಾಗಿಲಲ್ಲಿ ಒಂದು ಎಮ್ಮೆ ಸ್ವಲ್ಪ ಯೋಚಿಸಿ ದಾರಿ ಬಿಟ್ಟಿತು. ಇಳಿದು ಬಂದು ಚಹಾದಂಗಡಿಯಲ್ಲಿ ಕೂತು, ಪಕ್ಕದ ಹಿರಿಯರೊಬ್ಬರ ಮುಂದೆ ಹೈದರಾಲಿಯ ಮಾತೆತ್ತಿದೆ. ಅವರು ತಾಳ್ಮೆಯಿಂದ ಕೇಳಿ, ‘ಶಿವಮೊಗ್ಗದಿಂದ ಬಂದದ್ದಾ? ರಾಶಿ ಎಷ್ಟಕ್ಕೆ ನಿಂತಿದೆ ಮಾರಾಯ್ರೆ?’ ಎಂದರು. ಅಡಿಕೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕು ವರ್ಣಗಳಿವೆ. ಮಲೆನಾಡಿನಲ್ಲಿ ಸದ್ಯದ ಚಕ್ರವರ್ತಿ ಅಡಿಕೆಯೇ. ಹಿಂದಿನವರ ಸಮಾಚಾರ ಅದರ ರೇಟು ತಿಳಿದ ಮೇಲೆ.

ಕೋಟೆ ಅಂದಮೇಲೆ ಸುರಂಗದ ಮಾತು ಬರಲೇಬೇಕು. ಕವಲೇದುರ್ಗಕ್ಕೆ ಹೋಗಿ, ನಗರಕ್ಕೆ ಹೋಗಿ, ಪಾಳುಬಿದ್ದ ಯಾವ ಗುಡಿಗಾದರೂ ಹೋಗಿ, ನಿಮ್ಮ ಜೊತೆಗೆ ಕೇಳದೆಯೇ ಬರುವ ಹುಡುಗನೊಬ್ಬ ಪೊದೆಯೊಂದನ್ನು ತೋರಿಸಿ, ‘ಇಲ್ಲಿಂದ ಸುರಂಗ ಇದೆ ಸಾರ್, ಸೀದಾ ಸಮುದ್ರಕ್ಕೆ ಹೋಗತ್ತೆ’ ಎನ್ನುತ್ತಾನೆ. ಹೋಗಿ ಬಂದವರು ಯಾರಾದರೂ ಇದ್ದಾರೆಯೇ? ಇಲ್ಲ, ಅವನ ಅಜ್ಜನ ಕಾಲದಲ್ಲಿ ಒಂದು ನಾಯಿ ಹೋಗಿತ್ತಂತೆ. ಇಷ್ಟೆಲ್ಲ ಸುರಂಗ ಇರುವ ಜಿಲ್ಲೆಯವರು ಮಳೆಗಾಲದಲ್ಲಿ ಆಗುಂಬೆ ಘಾಟಿ ಕುಸಿದಾಗ ಯಾಕೆ ಊರೆಲ್ಲ ಸುತ್ತಿ ಉಡುಪಿಗೆ ಹೋಗುತ್ತೇವೋ ನನಗೆ ಅರ್ಥವಾಗಿಲ್ಲ.

ಇಕ್ಕೇರಿಯಲ್ಲಿ ಮಾತ್ರ ಯಾವ ಹುಡುಗನ ನೆರವೂ ಬೇಡ. ಸಾಗರದ ಮಗ್ಗುಲಲ್ಲೇ ಇರುವ ಊರು, ದೊಡ್ಡ ಅಂಗಳದಲ್ಲಿ ಅಘೋರೇಶ್ವರನ ಕಲ್ಲಿನ ದೇವಾಲಯ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಎಂಬ ಪ್ರವಾಸಿ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ಇಲ್ಲಿಗೆ ಬಂದಿದ್ದ. ಆಗ ವೆಂಕಟಪ್ಪ ನಾಯಕನ ಆಳ್ವಿಕೆ. ಇಟಲಿಯಿಂದ ಹೊರಟವನು ಇಕ್ಕೇರಿ ತಲುಪಿದ. ಸಾಗರದ ಪೇಟೆಯಲ್ಲಿ ಹುಟ್ಟಿ ಬೆಳೆದ ನನ್ನ ಪರಿಚಯದ ಒಬ್ಬರು ಇನ್ನೂ ತಲುಪಿಲ್ಲ. ‘ಇಲ್ಲೇ ಇದೆಯಲ್ಲ, ಯಾವಾಗಾದರೂ ಹೋದರಾಯಿತು’ ಎನ್ನುತ್ತಾರೆ. ಅವರು ಕಾಶಿಗೆ ಹೋಗಿ ಬಂದಾಗಿದೆ.

ಆ ಗುಡಿಯಲ್ಲಿ ಎಲ್ಲರೂ ತಲೆಯೆತ್ತಿ ಮಾಡು ನೋಡುತ್ತಾರೆ. ನೋಡಬೇಕಾದದ್ದು ನೆಲವನ್ನು. ದೇವರ ಎದುರಿನ ನೆಲಗಲ್ಲಿನಲ್ಲಿ ಕೆಳದಿಯ ಮೂವರು ಅರಸರು ನಮಸ್ಕಾರ ಮಾಡುತ್ತಿರುವ ಹಾಗೆ ತಮ್ಮನ್ನು ಕೆತ್ತಿಸಿಕೊಂಡಿದ್ದಾರೆ, ಹೆಸರಿನ ಸಮೇತ. ಅವರಲ್ಲಿ ಹುಚ್ಚ ಸೋಮಶೇಖರನೆಂಬವನಿಗೆ ಕೈಕಾಲಿಗೆ ಬೇಡಿ ಬೇರೆ ತೊಡಿಸಿದೆ ಎಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಘಟ್ಟದ ಮೇಲಿಂದ ಕರಾವಳಿಯವರೆಗೆ ಆಳಿದವರು ತಮ್ಮ ಚಿತ್ರವನ್ನು ಬಂದವರೆಲ್ಲ ತುಳಿದು ಹೋಗುವ ಜಾಗದಲ್ಲಿ ಹಾಕಿಸಿದರು! ಅದೇ ದಿನ ಸಾಗರದ ಬಸ್ ನಿಲ್ದಾಣದ ಎದುರು ವಾರ್ಡ್ ಮಟ್ಟದ ಯುವ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸು ಎರಡಂತಸ್ತಿನ ಎತ್ತರಕ್ಕೆ ನಿಂತಿತ್ತು. ತಂಪು ಕನ್ನಡಕ, ಕಿವಿಗೆ ಫೋನು. ಅಘೋರೇಶ್ವರನ ನೆಲದ ಮೇಲೆ ಇನ್ನೂ ಜಾಗ ಉಳಿದಿದೆ, ಆಸಕ್ತರು ಪರಿಶೀಲಿಸಬಹುದು.

ಕೆಳದಿಯ ಕಥೆ ಎಲ್ಲರಿಗೂ ಗೊತ್ತಿರುವುದೇ. ಚೆನ್ನಮ್ಮ ರಾಣಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರು ಹಾಕಿಕೊಂಡಳು. ಮಲೆನಾಡಿನ ಗೃಹಿಣಿಯರು ಹೊತ್ತಲ್ಲದ ಹೊತ್ತಿನಲ್ಲಿ ಬಂದ ಅತಿಥಿಯನ್ನು ಹಿಂದಕ್ಕೆ ಕಳಿಸುವುದಿಲ್ಲ, ಅವನ ಹಿಂದೆ ಯಾರು ಅಟ್ಟಿಸಿಕೊಂಡು ಬಂದರೂ ಸರಿ.

ಇನ್ನು ತಾಳಗುಂದ. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿಯ ಮಯೂರಶರ್ಮ ಎಂಬ ಹುಡುಗ ಅಜ್ಜನ ಜೊತೆ ಕಂಚಿಗೆ ಓದಲು ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದು ಕದಂಬ ರಾಜ್ಯವನ್ನೇ ಕಟ್ಟಿಬಿಟ್ಟ. ಕುಬ್ಜ ಎಂಬ ಕವಿ ಇದನ್ನೆಲ್ಲ ಸಂಸ್ಕೃತದಲ್ಲಿ ಬರೆದು ಕಂಬಕ್ಕೆ ಕೊರೆಸಿದ್ದಾನೆ. ಪ್ರಣವೇಶ್ವರ ಗುಡಿಯ ಎದುರು ಆ ಕಂಬ ಈಗಲೂ ಇದೆ. ಹಾಸ್ಟೆಲ್ ಜಗಳ ಸಾಮ್ರಾಜ್ಯಕ್ಕೆ ಹೋಗಿ ಮುಟ್ಟಿದ ಉದಾಹರಣೆ ಇದೊಂದೇ. ನಮ್ಮ ಕಾಲದಲ್ಲಿ ಅದು ಪೋಷಕರನ್ನು ಕರೆತರುವುದಕ್ಕಷ್ಟೇ ಮುಟ್ಟುತ್ತಿತ್ತು. ನನಗಿರುವ ಕೊರಗು ಬೇರೆ. ಇಷ್ಟೆಲ್ಲ ಸಾಹಸ ಮಾಡಿದ ನಮ್ಮೂರ ಹುಡುಗನ ವಂಶ ರಾಜಧಾನಿ ಮಾಡಿಕೊಂಡಿದ್ದು ಬನವಾಸಿಯನ್ನು. ಅದು ಉತ್ತರ ಕನ್ನಡ ಜಿಲ್ಲೆ. ಕದಂಬೋತ್ಸವ ನಡೆಯುವುದೂ ಅಲ್ಲೇ.

ಆದರೆ ತಾಳಗುಂದ ಸೇಡು ತೀರಿಸಿಕೊಳ್ಳುವ ಊರು. ಮೊದಲ ಕನ್ನಡ ಶಾಸನ ಎಂಬ ಪಟ್ಟ ಕಟ್ಟಿಕೊಂಡು ಹಾಸನ ಜಿಲ್ಲೆಯ ಹಲ್ಮಿಡಿ ಬಹಳ ವರ್ಷ ಮೆರೆದಿತ್ತು, ಕ್ರಿ.ಶ. 450ರ ಸುಮಾರಿನದು ಎಂದು. 2013ರ ಹೊತ್ತಿಗೆ ತಾಳಗುಂದದ ಉತ್ಖನನದಲ್ಲಿ ಸಿಂಹ ಕಟಾಂಜನದ ಮೇಲೊಂದು ಬರಹ ಸಿಕ್ಕಿತು. ಅದರ ಕಾಲ ಕ್ರಿ.ಶ. 370 ಎಂದು ಕೆಲವು ವಿದ್ವಾಂಸರು ವಾದಿಸಿದರು. ಒಪ್ಪದವರೂ ಇದ್ದಾರೆ. ಲಿಪಿಯ ವಿಚಾರದಲ್ಲಿ ನನಗೇನೂ ತಿಳಿಯದು, ಆದರೂ ನಾನು 370ರ ಪಕ್ಷ. ಜಿಲ್ಲಾಭಿಮಾನಕ್ಕೆ ಪುರಾವೆ ಬೇಕಾಗುವುದಿಲ್ಲ.

ಆ ಅಭಿಮಾನಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1997ರ ಆಗಸ್ಟ್ 15ರಂದು. ಊರೆಲ್ಲ ಸ್ವಾತಂತ್ರ್ಯದ ಸುವರ್ಣೋತ್ಸವ ಆಚರಿಸುತ್ತಿದ್ದಾಗ ದಾವಣಗೆರೆ ಜಿಲ್ಲೆಯಾಯಿತು, ನಮ್ಮ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಅತ್ತ ಹೋದವು. ಜೊತೆಗೆ ಸಂತೇಬೆನ್ನೂರಿನ ಪುಷ್ಕರಿಣಿ, ಸೂಳೆಕೆರೆ ಎರಡೂ ಹೋದವು. ಏಷ್ಯಾದಲ್ಲೇ ಎರಡನೆಯದು ಎಂದು ನಾನು ನೆಂಟರೆದುರು ಕೊಚ್ಚಿಕೊಳ್ಳುತ್ತಿದ್ದ ಕೆರೆ ಬೆಳಗಾಗುವಷ್ಟರಲ್ಲಿ ಬೇರೆಯವರದಾಯಿತು. ಮೊದಲನೆಯದು ಯಾವುದು ಎಂದು ಕೇಳುವವರ ಕಾಟ ತಪ್ಪಿತು ಎಂಬುದೊಂದೇ ಸಮಾಧಾನ.

ನಗೆಯನ್ನು ಬದಿಗಿಡಬೇಕಾದ ಊರೊಂದಿದೆ, ಅದು ಈಸೂರು. 1942ರಲ್ಲಿ ಈ ಹಳ್ಳಿ ತಾನು ಸ್ವತಂತ್ರ ಎಂದು ಸಾರಿ, ಚಿಕ್ಕ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ ಕೂರಿಸಿತು. ಅಲ್ಲಿಯವರೆಗೆ ನಾನೂ ನಗುತ್ತೇನೆ. ಆಮೇಲೆ ಸರ್ಕಾರದ ಅಧಿಕಾರಿಗಳು ಬಂದರು, ಘರ್ಷಣೆಯಾಗಿ ಸರ್ಕಾರಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು, ಊರನ್ನು ಸೂರೆ ಮಾಡಲಾಯಿತು, 1943ರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಶಿಕಾರಿಪುರದ ಕಡೆ ಹೋಗುವವರು ಅಲ್ಲಿ ಇಳಿದು ಸ್ಮಾರಕದ ಮೇಲಿನ ಹೆಸರುಗಳನ್ನು ಓದಿ ಮುಂದೆ ಹೋಗಬೇಕು.

ನನಗೆ ಎಲ್ಲಕ್ಕಿಂತ ಮೆಚ್ಚು ಬಳ್ಳಿಗಾವಿ. ಸರ್ಕಾರಿ ಕಾಗದಗಳ ನೆತ್ತಿಯ ಮೇಲೆ ಕೂತು ನಮ್ಮ ಅರ್ಜಿಗಳನ್ನು ಎರಡೂ ಕಡೆಯಿಂದ ದುರುಗುಟ್ಟಿ ನೋಡುವ ಗಂಡಭೇರುಂಡಕ್ಕೆ ಇಲ್ಲಿ 1047ರಷ್ಟು ಹಿಂದೆಯೇ ಒಂದು ಕಂಬ ನಿಲ್ಲಿಸಿದ್ದರು, ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಅಲ್ಲಮಪ್ರಭುವಿನ ಊರು ಇದೇ, ನಾಟ್ಯರಾಣಿ ಶಾಂತಲೆಯ ಊರೂ ಇದೇ ಎಂದು ಸ್ಥಳೀಯರ ಹಕ್ಕೊತ್ತಾಯ. ಕೇದಾರೇಶ್ವರನ ಸನ್ನಿಧಿಯಲ್ಲಿ ಕಾಳಾಮುಖರ ಕೋಡಿಯ ಮಠವಿತ್ತು. 1162ರ ಶಾಸನವೊಂದು ಅಲ್ಲಿ ಏನೇನು ನಡೆಯುತ್ತಿತ್ತು ಎಂದು ಪಟ್ಟಿ ಕೊಡುತ್ತದೆ. ವೇದ, ವ್ಯಾಕರಣ, ದರ್ಶನ, ಪುರಾಣಗಳ ಪಾಠ, ರೋಗಿಗಳಿಗೆ ಮದ್ದು, ಹೆದರಿ ಬಂದವರಿಗೆ ಅಭಯ, ಕುರುಡರು ಕುಂಟರು ಭಿಕ್ಷುಕರು ಗಾಯಕರು ನರ್ತಕರು ಎಲ್ಲರಿಗೂ ಅನ್ನ. ಪ್ರವೇಶ ಪರೀಕ್ಷೆಯ ಉಲ್ಲೇಖ ಕಾಣುವುದಿಲ್ಲ.

ಹೋಗುವ ಮನಸ್ಸಾದರೆ ಶಿರಾಳಕೊಪ್ಪದಲ್ಲಿ ಇಳಿಯಿರಿ. ತಾಳಗುಂದ, ಬಳ್ಳಿಗಾವಿ ಎರಡೂ ಅಲ್ಲಿಂದ ಹತ್ತಿರ, ಅರ್ಧ ದಿನದಲ್ಲಿ ಮುಗಿಯುತ್ತವೆ. ಆಟೋದವರ ಜೊತೆ ಬಾಡಿಗೆಯನ್ನು ಮೊದಲೇ ಮಾತಾಡಿಕೊಳ್ಳಿ. ತಿಂಡಿಯನ್ನು ಪೇಟೆಯಲ್ಲೇ ಮುಗಿಸಿ ಹೊರಡಿ, ಕೋಡಿಯ ಮಠದ ಊಟ ನಿಂತು ಬಹಳ ಕಾಲವಾಯಿತು.